ಪರದೆಯ ಮರೆಯಿಂದ ಕಂಡ ಹಕ್ಕಿ

ನನ್ನ ತಂಗಿ ಪಿಸುವಿಗೆ,

ಅಣ್ಣನ ಆಶೀರ್ವಾದ. ವಿಷಯವನ್ನು ಮೊದಲೇ ಹೇಳಿಬಿಡುತ್ತೇನೆ. ನೀನು ಇಲ್ಲಿಗೆ ಬರಬೇಕು. ಎರಡು ದಿನದ ಮಟ್ಟಿಗಾದರೂ ಸರಿ, ಬರಬೇಕು. ಇದನ್ನು ಕೊನೆಯ ಪುಟಕ್ಕೆ ಇಟ್ಟುಕೊಂಡಿದ್ದರೆ, ಮೂರು ಅಂಕ ಜನರನ್ನು ಅಳಿಸಿ ನಾಲ್ಕನೆಯದರಲ್ಲಿ ಮಂಡಿಯೂರುವುದು ಇವನ ಹಳೇ ಚಾಳಿ ಎಂದು ನೀನು ಕಾಗದವನ್ನು ಅರ್ಧಕ್ಕೇ ಮಡಚಿಡುತ್ತಿದ್ದೆ. ಆದ್ದರಿಂದ ಪರದೆ ಏಳುವಾಗಲೇ ಮಂಡಿಯೂರಿದ್ದೇನೆ. ಇನ್ನು ಓದುವುದು, ಬಿಡುವುದು ನಿನಗೆ ಸೇರಿದ್ದು. ನೀನು ಈಗ ಮುದ್ರಣಾಲಯದಲ್ಲಿ ಕರಡು ತಿದ್ದುವ ಕೆಲಸದಲ್ಲಿದ್ದೀಯಂತೆ. ಕೆಂಪು ಪೆನ್ನು ಹಿಡಿದುಕೊಂಡೇ ಓದು. ನನ್ನ ಕಾಗುಣಿತ ನಿನಗೆ ಗೊತ್ತಿದ್ದದ್ದೇ.

ಒಂಬತ್ತು ವರ್ಷ ಸುಮ್ಮನಿದ್ದವನು ಒಂದು ಫೋನು ಮಾಡಬಾರದಿತ್ತೇ ಎನ್ನುತ್ತೀಯ. ಮಾಡುವ ಹಾಗಿಲ್ಲ. ಯಾರ ದನಿಗೆ ಕೊನೆಯ ಸಾಲಿನ ಅಜ್ಜಿಯರ ನಿದ್ದೆ ಹಾರಿಹೋಗುತ್ತಿತ್ತೋ, ಮೈಕು ಕೈಕೊಟ್ಟ ದಿನ ಯಾರು ಅದನ್ನು ಕಾಲಿನಿಂದ ಪಕ್ಕಕ್ಕೆ ಸರಿಸಿ ಬರಿಗಂಟಲಲ್ಲಿ ಮೂರು ಗಂಟೆ ನಾಟಕ ಎಳೆದನೋ, ಆ ನಿನ್ನ ಅಣ್ಣ ಈಗ ಮೂಕ. ಗಂಟಲಲ್ಲಿ ಕಡಲೆಕಾಳಿನಷ್ಟು ಗಂಟು ಬೆಳೆದಿತ್ತು, ಕತ್ತರಿಸಿ ತೆಗೆದರು. ಹೆದರಬೇಡ, ಕೆಟ್ಟದ್ದಲ್ಲವಂತೆ. ಆದರೆ ಡಾಕ್ಟರು ಬೆರಳೆತ್ತಿ ಹೇಳಿದರು: “ಮೂರು ವಾರ ಒಂದಕ್ಷರ ಆಡ್ಬಾರ್ದು ಸ್ವಾಮಿ.” ನಾನು ಸುಮ್ಮನಿರುವವನೇ? ಪಿಸುಮಾತಲ್ಲಿ ಆಡಬಹುದೇ ಎಂದು ಪಿಸುಮಾತಲ್ಲೇ ಕೇಳಿದೆ. ಅವರಿಗೆ ಸಿಟ್ಟೇ ಬಂತು. “ಅದಂತೂ ಬೇಡ್ವೇ ಬೇಡ. ಪಿಸುಗುಟ್ಟೋದು ಅಂದ್ರೆ ಗಂಟಲನ್ನ ಹಿಂಡಿ ಹಿಂಡಿ ಮಾತಾಡೋದು. ಅದ್ರ ನೋವು ಹೊರಗಿನೋರಿಗೆ ಕೇಳ್ಸಲ್ಲ ಅಷ್ಟೆ.” ನಾನು ತಲೆಯಾಡಿಸಿ ಎದ್ದು ಬಂದೆ. ಆ ಮಾತು ಕಿವಿಯಿಂದ ಎದೆಗೆ ಇಳಿಯಲು ಎಂಟು ದಿನ ಹಿಡಿಯಿತು. ಇಳಿಸಿದ್ದು ಒಂದು ಹಕ್ಕಿ.

ನಾನಿರುವ ಜಾಗ ನಿನಗೆ ಗೊತ್ತಿಲ್ಲ. ಬೀದಿಯ ಕೊನೆಯ ಕಟ್ಟಡ, ಮೇಲಿನ ಮಹಡಿ. ಅಡುಗೆಮನೆಯ ಕಿಟಕಿಯ ಹಿಂದೆ ಬಟ್ಟೆ ಒಣಗಿಸುವ ತಂತಿಯಷ್ಟು ಉದ್ದದ ಹಿತ್ತಿಲು, ಅದರಾಚೆಗೆ ಕಾಡು ಶುರು. ಕಾಡೆಂದರೆ ಹುಲಿ ಕರಡಿಯ ಕಾಡಲ್ಲ. ಚಳಿಗಾಲಕ್ಕೆ ಎಲೆಯೆಲ್ಲ ಉದುರಿಸಿ ನಿಂತ ಮರಗಳ ಒಂದು ದೊಡ್ಡ ಗುಂಪು, ನಾಟಕ ಮುಗಿದ ಮೇಲೂ ಮನೆಗೆ ಹೋಗದ ಪ್ರೇಕ್ಷಕರ ಹಾಗೆ. ಅದರಲ್ಲೊಂದು ಮುದಿ ಮರ ಗುಂಪು ಬಿಟ್ಟು ಮುಂದೆ ಬಂದು ನನ್ನ ಕಿಟಕಿಗೆ ಒಂದು ಮಾರು ದೂರದಲ್ಲಿ ನಿಂತಿದೆ. ಕೆಳಗಿನ ಮನೆಯಲ್ಲಿ ಒಬ್ಬ ದರ್ಜಿ ಹೆಂಗಸು. ಇಡೀ ದಿನ ಅವಳ ಹೊಲಿಗೆ ಯಂತ್ರದ ಸದ್ದು ನೆಲದಿಂದ ನನ್ನ ಕಾಲಿಗೆ ಹತ್ತುತ್ತದೆ. ನನ್ನ ಪಾಲಿಗೆ ಊರೆಂದರೆ ಈಗ ಅಷ್ಟೆ. ಕೊರಳಿಗೆ ಒಂದು ಸ್ಲೇಟು ನೇತುಹಾಕಿಕೊಂಡಿದ್ದೇನೆ. ಮೊದಲ ದಿನ ಅದರ ಮೇಲೆ ನಾನು ಬರೆದ ವಾಕ್ಯ ಎಷ್ಟು ಉದ್ದವಿತ್ತೆಂದರೆ ದರ್ಜಿ ಹೇಳಿದಳು: “ಮಹಾರಾಜರೇ, ಹಾಲು ಬೇಕಾದ್ರೆ ಹಾಲು ಅಂತ ಬರೀರಿ ಸಾಕು. ಹಸುವಿನ ವಂಶವೃಕ್ಷ ಎಲ್ಲ ಬೇಡ.”

ಹೀಗಿರುವಾಗ ಒಂದು ಬೆಳಿಗ್ಗೆ ಕಿಟಕಿಯ ಗಾಜಿನ ಮಂಜನ್ನು ತೋಳಿನಿಂದ ಒರೆಸಿ ನೋಡುತ್ತೇನೆ, ಆ ಮರದ ಮೇಲಿಂದ ಏನೋ ತಲೆಕೆಳಗಾಗಿ ಇಳಿದು ಬರುತ್ತಿದೆ. ಇಲಿಯೇ? ಅಲ್ಲ. ಹಕ್ಕಿ. ಗುಬ್ಬಚ್ಚಿಯಷ್ಟೇ ಇರಬಹುದು. ಬೆನ್ನು ಹೊಗೆ ಬೆರೆತ ನೀಲಿ, ಹೊಟ್ಟೆ ಒಣಗಿದ ಎಲೆಯ ಬಣ್ಣ, ಬಾಲ ಮಾತ್ರ ಬಟ್ಟೆ ಸಾಲದೆ ಮೊಟಕುಗೊಳಿಸಿದ ಹಾಗೆ ಗಿಡ್ಡ. ಕೊಕ್ಕಿನ ಬುಡದಿಂದ ಕಣ್ಣಿನ ಮೇಲೆ ಹಾದು ಕತ್ತಿನವರೆಗೆ ಒಂದು ಕಪ್ಪು ಗೆರೆ. ದುಷ್ಟ ಮಂತ್ರಿಯ ಪಾತ್ರಕ್ಕೆ ಅಪ್ಪ ತನ್ನ ಕೈಯಾರೆ ಎಳೆಯುತ್ತಿದ್ದನಲ್ಲ, ಉಸಿರು ಬಿಗಿಹಿಡಿದು ಒಂದೇ ಎಳೆತಕ್ಕೆ, ಥೇಟು ಅದೇ ಗೆರೆ. ಬೇರೆ ಹಕ್ಕಿಗಳೆಲ್ಲ ಮರ ಹತ್ತುತ್ತವೆ, ಇದು ತಲೆ ಕೆಳಗೆ ಮಾಡಿ ಮೆಟ್ಟಿಲಿಳಿದ ಹಾಗೆ ಇಳಿಯುತ್ತದೆ, ನಡುವೆ ನಿಂತು ಕತ್ತು ಮೇಲೆತ್ತಿ ಲೋಕವನ್ನು ನೋಡುತ್ತದೆ. ಇದರ ಹೆಸರು ನನಗೆ ಗೊತ್ತಿಲ್ಲ. ಸ್ಲೇಟಿನಲ್ಲಿ ಬರೆದು ದರ್ಜಿಯನ್ನು ಕೇಳಿದೆ. “ಅದಾ? ತಲೆಕೆಳಗು. ನಮ್ಮತ್ತೆ ಹಾಗೇ ಕರೀತಿದ್ರು. ನಮ್ಮತ್ತೆ ನನ್ನನ್ನೂ ಹಾಗೇ ಕರೀತಿದ್ರು ಅನ್ನಿ.”

ಆ ತಲೆಕೆಳಗನ್ನು ಹತ್ತಿರದಿಂದ ನೋಡುವ ಹುಚ್ಚು ಹಿಡಿಯಿತು. ಕಿಟಕಿಯ ಹೊರಗಿನ ಹಲಗೆಯ ಮೇಲೆ ಸೂರ್ಯಕಾಂತಿ ಬೀಜ ಹರಡಿದೆ. ಹಕ್ಕಿ ಬಂತು. ನಾನು ಹೋದೆ. ಹಕ್ಕಿ ಹೋಯಿತು. ಮರುದಿನವೂ ಅದೇ ಕಥೆ, ಅದರ ಮರುದಿನವೂ. ನಾನು ತುಟಿಪಿಟಕ್ಕೆನ್ನುತ್ತಿಲ್ಲ, ಇನ್ನೇನು ಬೇಕು ಈ ಹಕ್ಕಿಗೆ ಎಂದು ಕೈಕೈ ಹಿಸುಕಿಕೊಂಡೆ. ಹಿತ್ತಿಲಲ್ಲಿ ಬಟ್ಟೆ ಹರವುತ್ತಿದ್ದ ದರ್ಜಿ ತಲೆಯೆತ್ತಿ ಕೂಗಿದಳು: “ಬಾಯಿ ಮುಚ್ಚಿದ್ರೆ ಆಯ್ತಾ? ಕಿಟಕಿಗೆ ಬರೋ ರೀತಿ ನೋಡ್ಕೊಳ್ಳಿ ಸ್ವಲ್ಪ. ಹಿಂದೆ ಒಂದು ಸೈನ್ಯ ಇದೆ ಅನ್ನೋ ಹಾಗೆ ಬರ್ತೀರ.” ನಿಜ ಕಣೇ. ನಾನು ಕಿಟಕಿಗೆ ನಡೆದು ಹೋಗುತ್ತಿರಲಿಲ್ಲ, ಪ್ರವೇಶ ಮಾಡುತ್ತಿದ್ದೆ. ಎದೆ ಮುಂದೆ, ಹೆಜ್ಜೆಗೊಂದು ಧಡ್, ಪರದೆಯನ್ನು ಸರ್ರನೆ ಸರಿಸುವ ಆ ಕೈ. ಮಾತು ಹೋದರೂ ಗದ್ದಲ ಹೋಗಿರಲಿಲ್ಲ.

ಕೊನೆಗೆ ಒಂದು ಉಪಾಯ ಹೂಡಿದೆ. ಬೆಳಕು ಹರಿಯುವ ಮೊದಲೇ ಎದ್ದು, ಹಕ್ಕಿ ಬರುವುದಕ್ಕಿಂತ ಮುಂಚೆಯೇ ಕಿಟಕಿಯ ಎಡಗಡೆ ಪರದೆಯ ಮರೆಯಲ್ಲಿ ಗೋಡೆಗೆ ಒತ್ತಿಕೊಂಡು ನಿಂತೆ. ಎರಡು ಬೆರಳು ಅಗಲದ ಸಂದು. ಕತ್ತು ವಾರೆ, ಒಂದು ಭುಜ ಗೋಡೆಗೆ, ಉಸಿರು ಅರ್ಧ. ಕಾಲು ಗಂಟೆಯಲ್ಲಿ ಕತ್ತಿನ ನರ ಎಳೆಯಿತು. ಅರ್ಧ ಗಂಟೆಯಲ್ಲಿ ಮೊಣಕಾಲು ನಡುಗಿತು. ಕೆಮ್ಮು ಬಂತು, ನುಂಗಿಕೊಂಡೆ. ಹಕ್ಕಿ ಬಂದು ಹಲಗೆಯ ಮೇಲೆ ಕುಳಿತಾಗ ನನಗೂ ಅದಕ್ಕೂ ನಡುವೆ ಒಂದು ಗೇಣಿತ್ತು. ಅದರ ಉಗುರು ಮರವನ್ನು ಕೆರೆಯುವ ಸದ್ದು ಕೇಳಿತು. ಅಷ್ಟು ಸಣ್ಣ ಸದ್ದನ್ನು ನಾನು ಈ ಜನ್ಮದಲ್ಲಿ ಕೇಳಿರಲಿಲ್ಲ. ಕೇಳುತ್ತ ನಿಂತವನಿಗೆ ಒಮ್ಮೆಲೆ ಹೊಳೆಯಿತು, ಈ ಭಂಗಿ ನನ್ನದಲ್ಲ. ವಾರೆ ಕತ್ತು, ಗೋಡೆಗೆ ಒತ್ತಿದ ಭುಜ, ನುಂಗಿದ ಕೆಮ್ಮು, ಪರದೆಯ ಸಂದಿನಿಂದ ಬೆಳಕಿನ ಕಡೆಗೆ ನೆಟ್ಟ ಕಣ್ಣು, ಇದೆಲ್ಲ ನಿನ್ನದು. ಹತ್ತೊಂಬತ್ತು ವರ್ಷ ನೀನು ನಿಂತಿದ್ದದ್ದು ಹೀಗೆ.

ಅಪ್ಪನ ಕಂಪನಿಯಲ್ಲಿ ನಾನು ನಾಯಕ, ನೀನು ಪ್ರಾಂಪ್ಟರ್. ಎಡಗಡೆಯ ಸೈಡ್‌ವಿಂಗಿನಲ್ಲಿ ನಾಟಕದ ಪ್ರತಿ ಎದೆಗವಚಿಕೊಂಡು ನಿಂತು, ಮರೆತವರಿಗೆ ಮಾತು ಎತ್ತಿಕೊಡುವವಳು. ಹದಿಮೂರನೇ ವಯಸ್ಸಿಗೆ ಅಪ್ಪ ನಿನ್ನನ್ನು ಅಲ್ಲಿ ನಿಲ್ಲಿಸಿ “ಇವಳು ನಮ್ಮ ಪಿಸು” ಎಂದ, ಕಂಪನಿಯೆಲ್ಲ ಹಾಗೇ ಕರೆಯಿತು. ಆ ಹೆಸರು ನಿನಗೆ ಹಿಡಿಸಿತ್ತೇ ಎಂದು ಯಾರೂ ಕೇಳಲಿಲ್ಲ. ನಿನ್ನ ಪಕ್ಕದಲ್ಲಿ ಸದಾ ಬಿಸಿನೀರಿನ ಫ್ಲಾಸ್ಕ್ ಇರುತ್ತಿತ್ತು. ನಿನಗೆ ಸದಾ ಗಂಟಲು ನೋವು. ಒಮ್ಮೆ ನನ್ನ ಮರಣದ ದೃಶ್ಯದಲ್ಲಿ ನೀನು ಕೆಮ್ಮಿದೆ ಎಂದು “ನಾನು ಸಾಯೋದು ಮುಗಿಯೋವರೆಗೆ ತಡ್ಕೊಳ್ಳೋಕಾಗಲ್ವಾ ನಿಂಗೆ” ಎಂದು ರೇಗಿದ್ದೆ. ನೀನು “ನೀನು ಸಾಯೋಕೆ ಹನ್ನೆರಡು ನಿಮಿಷ ತಗೋತೀಯಣ್ಣ” ಎಂದಿದ್ದೆ. ಎಲ್ಲರೂ ನಕ್ಕಿದ್ದೆವು. ಪರದೆಯ ಮರೆಯಲ್ಲಿ ನಿಂತು ಕೆಮ್ಮು ನುಂಗಿದ ಆ ಬೆಳಿಗ್ಗೆ ಡಾಕ್ಟರ ಮಾತು ಸರಕ್ಕನೆ ಎದೆಗಿಳಿಯಿತು. ಅದರ ನೋವು ಹೊರಗಿನವರಿಗೆ ಕೇಳಿಸುವುದಿಲ್ಲ. ನಾನು ಹೊರಗಿನವನಾಗಿದ್ದೆ.

ಒಂದು ನಿಜವನ್ನು ಇನ್ನಾದರೂ ಬರೆಯುತ್ತೇನೆ. ನಾಲ್ಕನೇ ಅಂಕಗಳನ್ನು ನಾನು ಬಾಯಿಪಾಠ ಮಾಡಿದವನೇ ಅಲ್ಲ. ಯಾವ ನಾಟಕದ್ದೂ ಇಲ್ಲ. ಮೂರು ಅಂಕ ಕಲಿತು, ಉಳಿದದ್ದಕ್ಕೆ ನೀನಿದ್ದೀಯಲ್ಲ ಎಂದು ಬಿಟ್ಟುಬಿಡುತ್ತಿದ್ದೆ. ನನಗೆ ಸನ್ಮಾನವೆಂದು ಶಾಲು ಹೊದಿಸಿದ ದಿನ ಓದಿದ ಪತ್ರದಲ್ಲಿ ‘ಅಗಾಧ ನೆನಪಿನ ಶಕ್ತಿ’ ಎಂಬ ಮಾತಿತ್ತು. ನೀನು ಮೂರನೇ ಸಾಲಿನಲ್ಲಿ ಕುಳಿತು ಚಪ್ಪಾಳೆ ಹೊಡೆದೆ. ನಾನು ಆ ಕಡೆ ನೋಡಲಿಲ್ಲ. ಮಾತು ಎತ್ತಿಕೊಡುವುದಕ್ಕಿಂತ ದೊಡ್ಡ ವಿದ್ಯೆ ನಿನ್ನ ಹತ್ತಿರ ಇನ್ನೊಂದಿತ್ತು. ನಾನು ಮಾತು ನಿಲ್ಲಿಸಿದಾಗ ಅದು ಬೇಕೆಂದೇ ನಿಲ್ಲಿಸಿದ್ದೋ, ಮರೆತು ನಿಂತದ್ದೋ, ಅದು ಜಗತ್ತಿನಲ್ಲಿ ನಿನ್ನೊಬ್ಬಳಿಗೇ ಗೊತ್ತಾಗುತ್ತಿತ್ತು. ಮರೆತರೆ ನನ್ನ ಎಡಗಾಲಿನ ಹಿಮ್ಮಡಿ ಕೂದಲೆಳೆಯಷ್ಟು ಏಳುತ್ತದೆ ಎಂದು ನೀನೇ ಒಮ್ಮೆ ಹೇಳಿದ್ದೆ. ಬೇಕೆಂದು ನಿಲ್ಲಿಸಿದಾಗ ನೀನು ಮೌನವನ್ನು ಕಾಯುತ್ತಿದ್ದೆ. ಹಿಮ್ಮಡಿ ಎದ್ದರೆ ಮಾತು ಬಂದು ಕಿವಿಗೆ ಬೀಳುತ್ತಿತ್ತು. ಎಡಗಡೆಯಿಂದ ಏನು ಬಂದರೂ ಕಿವಿಯಲ್ಲಿ ಹೊಕ್ಕು ನೇರ ಬಾಯಲ್ಲಿ ಹೊರಡುವುದು, ನಡುವೆ ತಲೆಗೆ ಮುಟ್ಟುವುದೇ ಇಲ್ಲ, ಹಾಗೆ ಪಳಗಿಬಿಟ್ಟಿದ್ದೆ.

ಒಂಬತ್ತು ವರ್ಷದ ಹಿಂದಿನ ಆ ಭಾನುವಾರದ ಮಧ್ಯಾಹ್ನದ ಆಟದಲ್ಲಿ ಆದದ್ದು ಅದೇ. ಕೋಟೆ ಬಾಗಿಲಿನ ದೃಶ್ಯ. ಸಭಾಂಗಣ ಭರ್ತಿ. ನಾನು ಕತ್ತಿ ಎತ್ತಿ “ದುಷ್ಟ ದೊರೆಯೇ, ಈ ಬಾಗಿಲು ತೆರೆದ ಕ್ಷಣವೇ ನಿನ್ನ ಆಯುಷ್ಯ ಮುಗಿಯಿತು” ಎಂದೆ. ಬಾಗಿಲು ತೆರೆಯಬೇಕಿತ್ತು. ತೆರೆಯಲಿಲ್ಲ. ಹಿಂದಿನ ದಿನ ಬಳಿದ ಬಣ್ಣಕ್ಕೆ ಹಲಗೆ ಚೌಕಟ್ಟಿಗೆ ಅಂಟಿಕೊಂಡಿತ್ತು. ಮುಂದಿನ ಮಾತು ನನಗೆ ಹೊಳೆಯಲಿಲ್ಲ, ಹಿಮ್ಮಡಿ ಎದ್ದಿತು. ನೀನು ಬಾಗಿಲನ್ನೂ ನೋಡಿದೆ, ಹಿಮ್ಮಡಿಯನ್ನೂ ನೋಡಿದೆ. ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ, ಪ್ರತಿಯಲ್ಲಿ ಇಲ್ಲದ್ದನ್ನು ಪಿಸುಗುಟ್ಟಿದೆ: “ತಡಿ ಅಣ್ಣ, ಬಾಗಿಲು ಸಿಕ್ಕೊಂಡಿದೆ. ಇನ್ನೊಂದ್ಸಲ ಹೇಳು.” ನಾನು ಕತ್ತಿಯನ್ನು ಇನ್ನೂ ಎತ್ತರಕ್ಕೆ ಎತ್ತಿ, ಎದೆಯುಬ್ಬಿಸಿ, ಮೂರು ಲೋಕಕ್ಕೆ ಕೇಳುವ ಹಾಗೆ ಆ ಕ್ರೂರ ದೊರೆಯನ್ನು ಉದ್ದೇಶಿಸಿ ಗರ್ಜಿಸಿದೆ: “ತಡಿ ಅಣ್ಣಾ. ಬಾಗಿಲು ಸಿಕ್ಕೊಂಡಿದೆ. ಇನ್ನೊಂದ್ಸಲ ಹೇಳು.”

ದೊರೆಯ ಪಾತ್ರದ ಆ ಕುಚೋದ್ಯದ ಮನುಷ್ಯ ಬಾಗಿಲ ಹಿಂದಿನಿಂದ ಅಷ್ಟೇ ಗಂಭೀರವಾಗಿ “ಒದ್ದು ತೆಗಿಯೋ ತಮ್ಮಾ” ಎಂದ. ಸಭಾಂಗಣ ಬಿದ್ದು ಬಿದ್ದು ನಕ್ಕಿತು. ಮುಂದೆ ನಾನು ದೊರೆಯನ್ನು ಕೊಂದಾಗಲೂ ನಕ್ಕಿತು. ಅವನ ಹೆಂಡತಿ ಹೆಣದ ಮೇಲೆ ಬಿದ್ದು ಅತ್ತಾಗಲೂ ನಕ್ಕಿತು.

ಇವತ್ತು ಬರೆಯುವಾಗ ನನಗೂ ನಗು ಬರುತ್ತಿದೆ. ಅಂದು ಬರಲಿಲ್ಲ. ಬಣ್ಣದ ಕೋಣೆಯಲ್ಲಿ ಎಲ್ಲರೂ ಇದ್ದರು. ನನ್ನ ಅರ್ಧ ಗಡ್ಡ ಕಿತ್ತಾಗಿತ್ತು, ಅರ್ಧ ಉಳಿದಿತ್ತು. ನೀನು ಬಾಗಿಲಲ್ಲಿ ಪ್ರತಿ ಹಿಡಿದು ನಿಂತಿದ್ದೆ. ನಾನು ಏನೆಂದೆ ಎಂಬುದನ್ನು ನೀನು ಮರೆತಿರಲಾರೆ, ಆದರೆ ನನಗೆ ನೆನಪಿಲ್ಲ ಎಂದು ನೀನು ತಿಳಿದಿರಬಹುದು. ನೆನಪಿದೆ. ಯಾರೂ ಎತ್ತಿಕೊಡದೆಯೇ ನೆನಪಿರುವ ಒಂದೇ ಒಂದು ಮಾತು ನನ್ನ ಬಾಳಿನಲ್ಲಿ ಅದು. “ಇಷ್ಟು ವರ್ಷ ನನ್ನ ಮಾತು ತಿಂದು ಬದುಕ್ದೋಳು ನೀನು. ಸ್ವಂತದ್ದು ಅಂತ ಒಂದು ಮಾತಾಡ್ದೆ, ನಾಟಕಾನೇ ಹಾಳಾಯ್ತು.”

ನೀನು ಪ್ರತಿಯನ್ನು ಬಣ್ಣದ ಡಬ್ಬಗಳ ಪಕ್ಕದಲ್ಲಿಟ್ಟೆ. ನನ್ನ ಹತ್ತಿರ ಬಂದು, ನಿನ್ನ ಎಂದಿನ ದನಿಯಲ್ಲಿ, ನನಗೊಬ್ಬನಿಗೇ ಕೇಳುವ ಹಾಗೆ ಕೇಳಿದೆ: “ಅದ್ರಲ್ಲಿ ನಿನ್ನ ಮಾತು ಯಾವ್ದಣ್ಣ?” ನಾನು ಕೇಳಿಸದವನ ಹಾಗೆ ಕನ್ನಡಿ ನೋಡುತ್ತ ಗಡ್ಡ ಕಿತ್ತೆ. ನೀನು ಕೊಟ್ಟ ಮಾತನ್ನು ನಾನು ಎತ್ತಿ ಆಡದೆ ಬಿಟ್ಟದ್ದು ಅದೊಂದೇ ಸಲ. ಮರುದಿನದ ಮೊದಲ ರೈಲಿಗೆ ನೀನು ಹೊರಟಿದ್ದೆ. ಅಪ್ಪ ಇದ್ದಿದ್ದರೆ ನಿಲ್ದಾಣಕ್ಕೆ ಓಡುತ್ತಿದ್ದ. ನಾನು ತಾಲೀಮಿಗೆ ಹೋದೆ.

ನಿನ್ನ ಜಾಗಕ್ಕೆ ಒಬ್ಬ ಬಂದ. ಒಳ್ಳೆಯವನು, ಓದು ಬರಹ ಬಲ್ಲವನು. ನಾನು ಬೇಕೆಂದು ಮಾತು ನಿಲ್ಲಿಸಿದಲ್ಲೆಲ್ಲ ಮುಂದಿನ ಸಾಲು ತುರುಕುತ್ತಿದ್ದ, ನಿಜಕ್ಕೂ ಮರೆತಾಗ ‘ಆಹಾ, ಎಂಥ ಅಭಿನಯ’ ಎಂದು ನನ್ನನ್ನೇ ನೋಡುತ್ತ ನಿಲ್ಲುತ್ತಿದ್ದ. ಎರಡು ವರ್ಷ ತಿಣುಕಿದೆ. ಆಮೇಲೆ ಗಂಟಲು ಹೋಯಿತು ಎಂದು ಊರಿಗೆಲ್ಲ ಸಾರಿ ಬಣ್ಣ ಅಳಿಸಿದೆ. ಪಿಸು, ಆಗ ನನ್ನ ಗಂಟಲಿಗೆ ಏನೂ ಆಗಿರಲಿಲ್ಲ. ಗಂಟೆ ಹೊಡೆದ ಹಾಗಿತ್ತು. ನೀನಿಲ್ಲದೆ ನನಗೆ ನಾಲ್ಕನೇ ಅಂಕ ಬರುತ್ತಿರಲಿಲ್ಲ ಎಂದು ಹೇಳಲು ನಾಚಿಕೆಯಾಗಿ ಗಂಟಲಿನ ಮೇಲೆ ಹಾಕಿದೆ.

ಹಕ್ಕಿಯ ಕಥೆ ಇನ್ನೂ ಇದೆ. ಈಗ ದಿನವೂ ಪರದೆಯ ಮರೆಯಲ್ಲಿ ನಿಲ್ಲುತ್ತೇನೆ. ಅದು ಬೀಜವನ್ನು ಅಲ್ಲೇ ತಿನ್ನುವುದು ಕಡಿಮೆ. ಒಂದೊಂದೇ ಕೊಂಡೊಯ್ದು ತೊಗಟೆಯ ಬಿರುಕಿನಲ್ಲಿ ತುರುಕುತ್ತದೆ, ಕೊಕ್ಕಿನಿಂದ ಟಕ್ ಟಕ್ ಎಂದು ಒಳಗೆ ಹೊಡೆಯುತ್ತದೆ, ಮೇಲೆ ಒಂದು ಚೂರು ಪಾಚಿ ಮುಚ್ಚುತ್ತದೆ, ಏನೂ ಆಗದ ಹಾಗೆ ಹಾರಿಬರುತ್ತದೆ. ಒಂದು ಬೆಳಿಗ್ಗೆಯಲ್ಲಿ ಮೂವತ್ತು ಸಲ ಎಣಿಸಿದೆ. ದರ್ಜಿ ಕೇಳಿದಳು: “ಎಲ್ಲಿಟ್ಟಿದೀನಿ ಅಂತ ಅದಕ್ಕೆ ನೆನಪಿರುತ್ತಾ?” ನಾನು ಬರೆದೆ: ನನಗಿಂತ ಚೆನ್ನಾಗಿ. ಅವಳು ಅದನ್ನು ತಮಾಷೆ ಎಂದುಕೊಂಡಳು.

ಕಳೆದ ವಾರ ಎರಡು ದಿನ ಹಿಮದಂಥ ಗಾಳಿ ಬೀಸಿತು. ಹಕ್ಕಿ ಬರಲಿಲ್ಲ. ದರ್ಜಿ ಕೂಡ ಮಗಳ ಮನೆಗೆ ಹೋಗಿದ್ದಳು, ಕೆಳಗೆ ಯಂತ್ರದ ಸದ್ದಿಲ್ಲ. ಎರಡು ದಿನ ನಾನು ಆ ಸಂದಿನಿಂದ ಬರಿ ಮರವನ್ನು ನೋಡಿದೆ. ಟೀ ಲೋಟ ತೊಳೆದೆ, ತೊಳೆದದ್ದನ್ನೇ ಮತ್ತೆ ತೊಳೆದೆ. ಮಾತಾಡಬಾರದು ಎಂದು ಡಾಕ್ಟರು ಹೇಳಿದ್ದು ಸರಿ, ಆದರೆ ಆಡುವ ಅಪ್ಪಣೆ ಇದ್ದಿದ್ದರೂ ಆ ಮನೆಯಲ್ಲಿ ಯಾರ ಹತ್ತಿರ ಆಡುತ್ತಿದ್ದೆ ಎಂದು ಯೋಚನೆ ಬಂತು. ಸಾವಿರ ಜನ ನನ್ನ ದನಿ ಕೇಳಿದ್ದಾರೆ. ಅವರಲ್ಲಿ ಒಬ್ಬರ ಮನೆಯ ವಿಳಾಸವೂ ನನಗೆ ಗೊತ್ತಿಲ್ಲ.

ಮೂರನೇ ದಿನ ಬೆಳಿಗ್ಗೆ ಬಂತು. ಗಾಳಿಗೆ ಗರಿ ಉಬ್ಬಿಸಿಕೊಂಡು ಉಂಡೆಯಾಗಿತ್ತು, ಕಪ್ಪು ಗೆರೆಯ ಖಳನಾಯಕನಿಗೂ ಚಳಿ. ಹಲಗೆಯ ಮೇಲೆ ಒಂದು ಬೀಜ ಆರಿಸಿತು, ಬೇಡವೆಂದು ಬಿಸಾಡಿತು, ಇನ್ನೊಂದು ಆರಿಸಿತು, ಸಂತೆಯಲ್ಲಿ ಬದನೆಕಾಯಿ ಆರಿಸುವ ಹೆಂಗಸಿನ ಹಾಗೆ. ನನಗೆ ಮಾತು ಉಕ್ಕಿ ಬಂತು. ‘ನೋಡಿದ್ಯೇನೇ ಇದರ ಕೊಬ್ಬು’ ಎನ್ನಲು ತುಟಿ ಬಿಚ್ಚಿ ಎಡಕ್ಕೆ ತಿರುಗಿದೆ. ಎಡಕ್ಕೆ ಗೋಡೆ. ಸುಣ್ಣ ಉದುರಿದ ಗೋಡೆ, ಅದರ ಮೇಲೆ ನನ್ನ ಭುಜ ಒರಗಿ ಒರಗಿ ಆದ ಜಿಡ್ಡಿನ ಕಲೆ. ಅದನ್ನು ನೋಡುತ್ತ ಎಷ್ಟು ಹೊತ್ತು ನಿಂತೆನೋ. ತಿರುಗುವಷ್ಟರಲ್ಲಿ ಹಕ್ಕಿ ಹೋಗಿತ್ತು. ಮೇಜಿಗೆ ಬಂದು ಈ ಕಾಗದ ಶುರು ಮಾಡಿದೆ. ಇದು ನಾಲ್ಕನೇ ಪ್ರತಿ. ಮೊದಲ ಮೂರರಲ್ಲಿ ಕಣ್ಣೀರು ಜಾಸ್ತಿಯಾಯಿತು, ಹರಿದೆ.

ಕೊನೆಗೆ ಹೇಳಬೇಕಾದದ್ದು ಇಷ್ಟು. ಡಾಕ್ಟರ ಲೆಕ್ಕದಲ್ಲಿ ಬರುವ ಶುಕ್ರವಾರಕ್ಕೆ ನನ್ನ ಮೂರು ವಾರ ಮುಗಿಯುತ್ತದೆ. ಅಂದಿನಿಂದ ಮಾತಾಡಬಹುದಂತೆ. ನೀನು ದಯವಿಟ್ಟು ಗುರುವಾರದೊಳಗೆ ಬಾ. ಶುಕ್ರವಾರದ ನಂತರ ಬಂದರೆ ನಾನು ಕ್ಷಮೆ ಕೇಳುತ್ತೇನೆ, ಬಹಳ ಚೆನ್ನಾಗಿ ಕೇಳುತ್ತೇನೆ, ಎಲ್ಲಿ ದನಿ ಒಡೆಯಬೇಕೋ ಅಲ್ಲಿ ಒಡೆಯುತ್ತೇನೆ, ಎಲ್ಲಿ ನಿಲ್ಲಿಸಬೇಕೋ ಅಲ್ಲಿ ನಿಲ್ಲಿಸುತ್ತೇನೆ, ಮುಗಿಯುವಷ್ಟರಲ್ಲಿ ನೀನೇ ನನ್ನನ್ನು ಸಮಾಧಾನ ಮಾಡುತ್ತ ಕುಳಿತಿರುತ್ತೀಯ, ನಿನ್ನ ಮಾತು ಹಾಗೇ ಉಳಿದುಹೋಗುತ್ತದೆ. ನನ್ನ ಮೇಲೆ ನನಗೆ ನಂಬಿಕೆಯಿಲ್ಲ ತಂಗಿ. ಗುರುವಾರದವರೆಗೆ ಮಾತ್ರ ನಾನು ಒಳ್ಳೆಯವನು.

ಬೆಳಿಗ್ಗೆ ಹತ್ತಕ್ಕೆ ಬರುವ ರೈಲು ಹಿಡಿ. ಬುಧವಾರವೂ ನಿಲ್ದಾಣದಲ್ಲಿರುತ್ತೇನೆ, ಗುರುವಾರವೂ. ಒಂಬತ್ತು ವರ್ಷದ ಬೈಗುಳ ಇದ್ದರೆ ಪ್ಲಾಟ್‌ಫಾರ್ಮಿನಲ್ಲೇ ಶುರು ಮಾಡು. ಗಟ್ಟಿಯಾಗಿ ಬೈ, ನಾಲ್ಕು ಜನ ತಿರುಗಿ ನೋಡಲಿ. ನಾನು ನಿನ್ನ ಪೆಟ್ಟಿಗೆ ಹಿಡಿದು ಪಕ್ಕದಲ್ಲಿ ನಡೆಯುತ್ತೇನೆ, ತಲೆಯಾಡಿಸುವುದನ್ನೂ ಮಾಡುವುದಿಲ್ಲ.

ನಿನ್ನ ದನಿ ತುಂಬಿ ಬರಲಿ, ನಿನಗೆ ಯಾವ ಬಾಗಿಲೂ ಅಡ್ಡವಾಗದಿರಲಿ.

ಗುರುವಾರದವರೆಗೆ ಕೇಳಲು ಕಾದಿರುವ,
ನಿನ್ನ ಅಣ್ಣ